ಜನವರಿ ಟ್ರಿಪ್ಪಿಗೆ ಹೂಂ ಅನ್ನುವ ಮೊದಲು

ತಂಗಿ, ನಿನ್ನ ಮೆಸೇಜ್ ಎರಡು ಸಲ ಓದಿದೆ. ನೀನು ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಆಗಸ್ಟ್‌ನಲ್ಲಿ ಒಹಾಯೊದ ಒಂದು ಕ್ಯಾಥೊಲಿಕ್ ಕಾಲೇಜಿಗೆ ಡಿಗ್ರಿ ಓದಲು ಬರುತ್ತಿದ್ದೀಯ. ಕೇಳಿರುವುದು ಇಷ್ಟು: ಚರ್ಚಿಗೆ ಹೋಗಲೇಬೇಕಾ, ವೆಜ್ ಊಟ ಸಿಗುತ್ತಾ, ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡಬಹುದು, ಜಾಕೆಟ್ ಊರಿಂದಲೇ ತರಬೇಕಾ. ಆಮೇಲೆ ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಇನ್ನೊಂದು ಇದೆ. ಜನವರಿಯಲ್ಲಿ ಕಾಲೇಜಿನವರು ಒಂದು ಗುಂಪನ್ನು ಸೇವೆಗೆ ಅಂತ ಉತ್ತರ ಕರ್ನಾಟಕಕ್ಕೆ ಕರೆದುಕೊಂಡು ಹೋಗುತ್ತಾರೆ, ಕನ್ನಡ ಬರುವವರು ಬೇಕು ಅಂತ ಈಗಲೇ ಇಮೇಲ್ ಬಂದಿದೆ, ಟಿಕೆಟ್ ಅವರದ್ದೇ, ಹೂಂ ಅಂದುಬಿಡಲಾ ಅಕ್ಕ ಅಂತ.

ಮೊದಲ ನಾಲ್ಕಕ್ಕೆ ಬೇಗ ಹೇಳಿ ಮುಗಿಸುತ್ತೇನೆ. ಕೊನೆಯದಕ್ಕೇ ಜಾಸ್ತಿ ಬರೆಯಬೇಕು.

ಜಾಕೆಟ್ ಇಲ್ಲೇ ತಗೋ. ಬೂಟು ಮೊದಲು, ಜಾಕೆಟ್ ಆಮೇಲೆ.

ಕೆಲಸದ ವಿಷಯ. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಕ್ಲಾಸು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ. ಹೊರಗೆ ಅನುಮತಿ ಇಲ್ಲದೆ ಒಂದು ಗಂಟೆಯೂ ಬೇಡ, ನೆಂಟರ ಅಂಗಡಿಯಾದರೂ ಬೇಡ. ಡಿಗ್ರಿಯವರು ಸೆಮಿಸ್ಟರಿಗೆ 12 ಕ್ರೆಡಿಟ್‌ಗಿಂತ ಕೆಳಗೆ ಇಳಿಯಬಾರದು. ಸೇವೆಯ ಗಂಟೆಗಳಿಗೆ ಸಂಬಳ ಇಲ್ಲ, ಹಾಗಾಗಿ ಅವು ಈ 20ರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸೇವೆ ಅಂತ ಹೇಳಿ ಕೈಗೆ ಸ್ವಲ್ಪ ದುಡ್ಡು ಕೊಡುವವರೂ ಇರುತ್ತಾರೆ. ತಗೊಳ್ಳುವ ಮೊದಲು ಇಂಟರ್‌ನ್ಯಾಷನಲ್ ಆಫೀಸಿನವರನ್ನು ಕೇಳು. ಆಮೇಲೆ ಕೇಳಿದರೆ ಉಪಯೋಗವಿಲ್ಲ.

ಊಟ ಸಿಗುತ್ತದೆ. ಲೆಂಟ್ ಅಂತ ಈಸ್ಟರ್‌ಗೆ ಮುಂಚೆ ನಲವತ್ತು ದಿನ ಬರುತ್ತದೆ, ಆಗ ಶುಕ್ರವಾರ ಕ್ಯಾಥೊಲಿಕರು ಮಾಂಸ ಬಿಡುತ್ತಾರೆ. ನನಗೆ ಮೊದಲ ವರ್ಷ ಎಷ್ಟು ಖುಷಿಯಾಗಿತ್ತು ಅಂದರೆ, ಬಟ್ಟಲು ತುಂಬ ಬಿಳೀ ಸೂಪ್ ಹಾಕಿಸಿಕೊಂಡು ಕೂತೆ. ಅದು ಕ್ಲ್ಯಾಮ್ ಚೌಡರ್, ಚಿಪ್ಪುಮೀನಿನ ಸೂಪು. ಇವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಕೇಳಿ ಹಾಕಿಸಿಕೋ.

ಚರ್ಚು. ಯಾರೂ ಬಲವಂತ ಮಾಡುವುದಿಲ್ಲ. ಮಾಸ್‌ಗೆ, ಅಂದರೆ ಚರ್ಚಿನ ಪೂಜೆಗೆ, ಹೋಗಲೇಬೇಕು ಅಂತಿಲ್ಲ. ಥಿಯಾಲಜಿಯದ್ದೊಂದು, ಫಿಲಾಸಫಿಯದ್ದೊಂದು ಪೇಪರ್ ಕಡ್ಡಾಯ ಇರಬಹುದು, ಪ್ರಾಸ್ಪೆಕ್ಟಸ್ ನೋಡು. ನೀನೂ ಕಾನ್ವೆಂಟಿನಲ್ಲಿ ಓದಿದವಳೇ ಅಲ್ವಾ, ಅಸೆಂಬ್ಲಿ, ಪ್ರಾರ್ಥನೆ, ಸಿಸ್ಟರ್ ಬರುತ್ತಿದ್ದಾರೆ ಅಂದರೆ ಕಾರಿಡಾರ್ ತಣ್ಣಗಾಗುವುದು ಎಲ್ಲ ಗೊತ್ತು. ಇಲ್ಲಿ ಆ ಹೆದರಿಕೆ ಇಲ್ಲ. ಕ್ಲಾಸಿನಲ್ಲಿ ದೇವರಿದ್ದಾನಾ ಅಂತ ಪಾದ್ರಿಯ ಎದುರೇ ವಾದ ಮಾಡುತ್ತಾರೆ, ಅವರು ಕೂತು ಕೇಳುತ್ತಾರೆ. ನಿಮ್ಮಮ್ಮನಿಗೂ ಹೇಳು, ಮತ ಬದಲಾಯಿಸುತ್ತಾರೆ ಅನ್ನೋ ಭಯ ಬೇಡ. ನನ್ನ ಅಮ್ಮನಿಗೂ ಅದೇ ಭಯ ಇತ್ತು. ಕುಂಕುಮದ ಭರಣಿಯನ್ನು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಳಿಸಿದ್ದಳು. ಹಾಸ್ಟೆಲ್ ರೂಮಿನಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಇದನ್ನು ನೆನಪಿಟ್ಟುಕೋ, ಅಲಾರಂ ಹೊಡೆದರೆ ಇಡೀ ಬಿಲ್ಡಿಂಗ್ ಹೊರಗೆ ಬಂದು ನಿಲ್ಲಬೇಕು. ಮೊದಲ ದೀಪಾವಳಿಗೆ ನಾನು ಸಪ್ಪೆ ಮುಖ ಮಾಡಿಕೊಂಡು ಕೂತಿದ್ದಾಗ ಕ್ಯಾಂಪಸ್ ಮಿನಿಸ್ಟ್ರಿ, ಅಂದರೆ ಕಾಲೇಜಿನ ಧಾರ್ಮಿಕ ವಿಭಾಗದ ಸಿಸ್ಟರ್ ಒಬ್ಬರು ಚಾಪೆಲ್ ಪಕ್ಕದ ಕೋಣೆಯ ಬೀಗ ತೆಗೆದು, ಇಲ್ಲಿ ಹಚ್ಚು, ನಾನು ಕೂತಿರುತ್ತೇನೆ ಅಂದರು. ದೀಪ ಆರುವವರೆಗೂ ಕೂತಿದ್ದರು.

ಆ ಸಿಸ್ಟರ್ ಬಗ್ಗೆ ಹೇಳಲೇಬೇಕು. ನಾನು ಬಂದಿದ್ದು 2007ರ ಆಗಸ್ಟ್‌ನಲ್ಲಿ, ಮಾಸ್ಟರ್ಸ್ ಮಾಡಲು. ಬಸ್ ಸ್ಟೇಷನ್ನಿಗೆ ಸಿಸ್ಟರ್ ಬರುತ್ತಾರೆ ಅಂತ ಬರೆದಿದ್ದರು. ನಾನು ಬಿಳಿ ಸೀರೆಯನ್ನೋ ನಿಲುವಂಗಿಯನ್ನೋ ಹುಡುಕುತ್ತಾ ಅರ್ಧ ಗಂಟೆ ನಿಂತಿದ್ದೆ. ಎದುರಿಗೇ ಪ್ಯಾಂಟು, ಓಡುವ ಶೂ, ಬೆಳ್ಳಿ ಕೂದಲಿನ ಎಪ್ಪತ್ತರ ಹೆಂಗಸು ನನ್ನ ಹೆಸರು ತಪ್ಪಾಗಿ ಬರೆದ ಹಾಳೆ ಹಿಡಿದು ನಿಂತಿದ್ದರು. ಗೊತ್ತಾದ ಮೇಲೆ ಅವರು ಮಾಡಿದ ಮೊದಲ ಕೆಲಸ ನನ್ನ 23 ಕೆ.ಜಿ. ಸೂಟ್‌ಕೇಸಿಗೆ ಕೈ ಹಾಕಿದ್ದು. ದೊಡ್ಡವರ ಕೈಲಿ ನಮ್ಮ ಗಂಟು ಹೊರಿಸುವುದಾ, ನನಗೆ ಜೀವ ಬಾಯಿಗೆ ಬಂತು. ಬೇಡ ಬೇಡ ಅಂದೆ. ಅವರು ಬಿಡಲಿಲ್ಲ, ಒಂದು ಹಿಡಿ ಅವರು, ಒಂದು ಹಿಡಿ ನಾನು.

ಇಲ್ಲಿನ ಕ್ಯಾಥೊಲಿಕ್ ಕಾಲೇಜುಗಳ ಬಗ್ಗೆ ನನಗೆ ಹೆಮ್ಮೆ ಇದೆ, ಅದನ್ನು ಮುಚ್ಚಿಡುವುದಿಲ್ಲ. 1789ರಲ್ಲಿ ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಶುರುವಾಯಿತು, ಅದೇ ಮೊದಲನೆಯದು. ಈಗ ಇಂಥವು ಇನ್ನೂರಕ್ಕೂ ಜಾಸ್ತಿ ಇವೆ. ಬಹಳಷ್ಟನ್ನು ಕಟ್ಟಿದ್ದು ಐರಿಷ್, ಜರ್ಮನ್, ಪೋಲಿಷ್ ವಲಸಿಗರ ಮಕ್ಕಳಿಗಾಗಿ, ಅವರನ್ನು ಕೀಳಾಗಿ ನೋಡುತ್ತಿದ್ದ ಕಾಲದಲ್ಲಿ. ಹೊರಗಿನಿಂದ ಬಂದವರಿಗಾಗಿ ಕಟ್ಟಿದ ಜಾಗ ಅನ್ನುವುದು ಅಲ್ಲಿ ಓಡಾಡುವಾಗ ಗೊತ್ತಾಗುತ್ತದೆ. ಸೇವೆಯನ್ನೂ ಇಲ್ಲಿ ಓದಿನ ಭಾಗ ಅಂತಲೇ ನೋಡುತ್ತಾರೆ, ಎನ್‌ಎಸ್‌ಎಸ್ ಕ್ಯಾಂಪಿನ ಹಾಗೆ ಸರ್ಟಿಫಿಕೇಟಿಗೆ ಮಾತ್ರ ಅಲ್ಲ. ವಾರವಾರ ಊಟ ಹಂಚುವ ಕಡೆ ಹೋಗುತ್ತೀಯ, ವಾಪಸ್ ಬಂದು ಇಲ್ಲಿ ಯಾಕೆ ಜನ ಹಸಿದಿದ್ದಾರೆ ಅಂತ ಪೇಪರ್ ಬರೆಯುತ್ತೀಯ. ಇದು ಒಳ್ಳೆಯದು. ಖಂಡಿತ ಮಾಡು.

ಈಗ ಜನವರಿ ಟ್ರಿಪ್.

ನಾನೂ ಅಂಥದ್ದೇ ಟ್ರಿಪ್ಪಿಗೆ ಹೋಗಿದ್ದೆ. 2009ರ ಜನವರಿ, ಎರಡು ವಾರ. ಹನ್ನೊಂದು ಜನ ಅಮೆರಿಕನ್ ಹುಡುಗ ಹುಡುಗಿಯರು, ಜೊತೆಗೆ ಅದೇ ಸಿಸ್ಟರ್, ಮಾತು ತಿಳಿಸಲು ನಾನು. ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್. ನಾನು ಶಿವಮೊಗ್ಗ ಕಡೆಯವಳು, ಆ ಕಡೆ ಹೋಗಿದ್ದೇ ಅದು ಮೊದಲು. ಆ ಅಮೆರಿಕನ್ ಮಕ್ಕಳು ಕೇಕ್ ಮಾರಿ, ಕಾರು ತೊಳೆದು ದುಡ್ಡು ಕೂಡಿಸಿದ್ದರು. ಹಾಸ್ಟೆಲಿನ ಗೋಡೆಗೆ ಬಣ್ಣ ಹೊಡೆಯುವುದು ಅಂತ ಒಹಾಯೊದಲ್ಲೇ ತೀರ್ಮಾನ ಆಗಿತ್ತು. ಹಳದಿ ಬಣ್ಣ, ಅದರ ಮೇಲೆ ಸೂರ್ಯಕಾಂತಿ.

ಎರಡನೇ ದಿನ ಬೆಳಿಗ್ಗೆ ಹಾಸ್ಟೆಲಿನ ಅಡುಗೆಯವರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ನಾನು ಕನ್ನಡದವಳು ಅಂತ ಗೊತ್ತಾಗಿ ಅವರಿಗೆ ಧೈರ್ಯ ಬಂದಿತ್ತು. ಎಲ್ಲರ ಎದುರಿಗೆ ನನ್ನ ಹತ್ತಿರ ಹೇಳಿದರು:

"ಯವ್ವಾ, ಹೋದ ವರ್ಷಾನೂ ಯಾರೋ ಬಂದು ಈ ಗ್ವಾಡಿಗೆ ಬಣ್ಣ ಹಚ್ಚಿ ಹೋದ್ರು. ಚಲೋನ ಐತಿ ಅದು. ನಮ್ಮ ಬೋರಿನ ಮೋಟರ್ ಸುಟ್ಟು ಎರಡು ತಿಂಗಳಾತು. ಹುಡುಗ್ಯಾರು ನಸುಕಿನ್ಯಾಗ ಎದ್ದು ನೀರು ಹೊರ್ತಾವ. ಅದೊಂದು ಮಾಡಿಸಿ ಕೊಡ್ರಿ ಅಂತ ಅವರಿಗೆ ಹೇಳವ್ವಾ."

ಹನ್ನೊಂದು ಮುಖ ನನ್ನನ್ನೇ ನೋಡುತ್ತಿದ್ದವು. ಏನಂತೆ, ಏನಂತೆ ಅಂತ. ನಾನು ನಕ್ಕು ಇಂಗ್ಲಿಷಿನಲ್ಲಿ ಹೇಳಿದೆ, ನೀವು ಅಷ್ಟು ದೂರದಿಂದ ಬಂದಿದ್ದಕ್ಕೆ ಥ್ಯಾಂಕ್ಸ್ ಹೇಳುತ್ತಿದ್ದಾರೆ, ಮಕ್ಕಳಿಗೆ ಬಣ್ಣ ಅಂದರೆ ಇಷ್ಟವಂತೆ. ಎಲ್ಲರೂ ಆ ಹೆಂಗಸಿಗೆ ಕೈ ಮುಗಿದರು. ಅವರು ತಮ್ಮ ಮಾತು ಮುಟ್ಟಿತು ಅಂದುಕೊಂಡು ತಾವೂ ಕೈ ಮುಗಿದು ಒಳಗೆ ಹೋದರು.

ಯಾಕೆ ಹಾಗೆ ಮಾಡಿದೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದವರ ಮುಖ ಸಣ್ಣದಾಗಬಾರದು ಅಂತ ಬೆಳೆದವರು ನಾವು. ಜೊತೆಗೆ ಆಸೆಯೂ ಇತ್ತು. ಎಲ್ಲ ಚೆನ್ನಾಗಿ ನಡೆಯುತ್ತಿದೆ, ನಾನು ಚೆನ್ನಾಗಿ ನಡೆಸುತ್ತಿದ್ದೇನೆ ಅನ್ನಿಸಿಕೊಳ್ಳಬೇಕಿತ್ತು.

ಆ ಸಂಜೆ ರೋಲರ್, ಬ್ರಷ್ ತೊಳೆಯಬೇಕಾಯಿತು. ತೊಟ್ಟಿಯ ಪಕ್ಕ ಪ್ಲಾಸ್ಟಿಕ್ ಕೊಡಗಳು ಸಾಲಾಗಿದ್ದವು. ಒಂದು ಕೊಡ ಬಗ್ಗಿಸಿದೆವು, ಹಳದಿ ಹೋಗಲಿಲ್ಲ. ಇನ್ನೊಂದು. ಮತ್ತೊಂದು. ನಾಲ್ಕನೆಯದು ಖಾಲಿಯಾಗುವಾಗ ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಬಂದು, ಏನೂ ಮಾತಾಡದೆ ಖಾಲಿ ಕೊಡ ಎರಡನ್ನು ಎತ್ತಿಕೊಂಡು ಹ್ಯಾಂಡ್‌ಪಂಪಿನ ಕಡೆ ಹೋದಳು. ಕತ್ತಲಾಗುತ್ತಿತ್ತು. ಮಣ್ಣಿನಲ್ಲಿ ಹಳದಿ ನೀರು ಹರಿಯುತ್ತಿತ್ತು. ಬಿರುಕು ಇದ್ದ ಕಡೆ ಗೋಡೆಯಲ್ಲಿ ಹೋದ ವರ್ಷದ ನೀಲಿ ಬಣ್ಣ ಇನ್ನೂ ಕಾಣುತ್ತಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಕೊನೆಯ ರಾತ್ರಿ ಎಲ್ಲರೂ ಸುತ್ತ ಕೂತು ಅನುಭವ ಹಂಚಿಕೊಳ್ಳುವುದು ಇರುತ್ತದೆ, ನೀನೂ ನೋಡುತ್ತೀಯ. ಇವರ ಹತ್ತಿರ ಏನೂ ಇಲ್ಲದಿದ್ದರೂ ಎಷ್ಟು ಖುಷಿಯಾಗಿದ್ದಾರೆ ಅಂತ ಒಬ್ಬೊಬ್ಬರೂ ಹೇಳಿದರು. ಒಳ್ಳೆಯ ಮಕ್ಕಳೇ ಅವರು. ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗದ ಹಾಗೆ ಮಾಡಿದ್ದು ನಾನು. ಎಲ್ಲರೂ ಎದ್ದ ಮೇಲೆ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. ಅಡುಗೆಯವರು ಅವತ್ತು ತುಂಬ ಹೊತ್ತು ಮಾತಾಡಿದರು, ನೀನು ಎರಡೇ ಮಾತು ಹೇಳಿದೆ, ಅವರು ಇನ್ನೇನಾದರೂ ಹೇಳಿದರಾ ಅಂತ ಕೇಳಿದರು. ಇಲ್ಲ ಸಿಸ್ಟರ್, ಅಷ್ಟೇ ಅಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಸುಮ್ಮನಾದರು.

ಟ್ರಿಪ್ ಮುಗಿಸಿ ನಾಲ್ಕು ದಿನ ಊರಿಗೆ ಹೋಗಿದ್ದೆ. ಅಮ್ಮನ ಹತ್ತಿರ ಮಾತ್ರ ಹೇಳಿಕೊಂಡೆ. ಅಮ್ಮ ಬೈಯಲಿಲ್ಲ. ಮೋಟರ್ ರಿಪೇರಿಗೆ ಎಷ್ಟಾಗುತ್ತಂತೆ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಎರಡು ವಾರ ಅಲ್ಲಿದ್ದೆ, ಕೇಳಿರಲಿಲ್ಲ. ಅಪ್ಪ ಯಾರಿಗೋ ಫೋನ್ ಮಾಡಿ ವಿಚಾರಿಸಿದರೆ, ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸಲು ನಮ್ಮ ಪೇಂಟಿನ ಬಿಲ್ಲಿನ ಅರ್ಧವೂ ಆಗುತ್ತಿರಲಿಲ್ಲ. ಅಮೆರಿಕಕ್ಕೆ ವಾಪಸ್ ಬಂದು ದುಡ್ಡು ಕಳಿಸಿದೆ. ಅಷ್ಟರಲ್ಲಿ ಊರಿನವರೇ ಸೇರಿ ಮಾಡಿಸಿದ್ದರಂತೆ, ಆ ದುಡ್ಡಿಗೆ ನೋಟ್‌ಬುಕ್ ತಗೊಂಡೆವು ಅಂತ ಹಾಸ್ಟೆಲಿನಿಂದ ಕಾಗದ ಬಂತು. ನೀರಿನ ಕಷ್ಟ ಮುಗಿಯಿತು. ಸಿಸ್ಟರ್‌ಗೆ ನಾನು ಹೇಳಿದ ಸುಳ್ಳು ಹಾಗೇ ಉಳಿಯಿತು. ಆಮೇಲೆ ಅವರಿಗೆ ಕ್ರಿಸ್‌ಮಸ್ ಕಾರ್ಡ್ ಕಳಿಸುತ್ತಿದ್ದೆ, ಪ್ರತಿ ಸಲ ಇದನ್ನು ಬರೆಯಬೇಕು ಅಂದುಕೊಳ್ಳುತ್ತಿದ್ದೆ. 2016ರಲ್ಲಿ ಅವರು ತೀರಿಕೊಂಡರು.

ಓದಿನಲ್ಲಿ ಇದೆಲ್ಲ ನಿನಗೂ ಎದುರಾಗುತ್ತದೆ. ಪೇದ್ರೊ ಅರುಪೆ ಅಂತ, ಜೆಸುಯಿಟರು ಅನ್ನೋ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಮುಖ್ಯಸ್ಥರಿದ್ದರು. 1945ರಲ್ಲಿ ಹಿರೋಶಿಮಾದ ಅಂಚಿನಲ್ಲಿದ್ದು, ಬಾಂಬು ಬಿದ್ದ ಮೇಲೆ ತಮ್ಮ ಮಠವನ್ನೇ ಆಸ್ಪತ್ರೆ ಮಾಡಿದವರು. 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಮುಂದೆ ನಿಂತು, ನಾವು ನಿಮಗೆ ನ್ಯಾಯಕ್ಕಾಗಿ ಬದುಕುವುದನ್ನು ಕಲಿಸಿದೆವಾ ಅಂತ ಕೇಳಿ, ಇಲ್ಲ ಅಂತ ತಾವೇ ಉತ್ತರ ಕೊಟ್ಟರು. ಇವತ್ತು ಕಾಲೇಜಿನ ಗೋಡೆಗಳ ಮೇಲೆ ಕಾಣುವ ಪರರಿಗಾಗಿ ಬದುಕುವವರು ಅನ್ನೋ ಮಾತು ಆ ಭಾಷಣದಿಂದ ಬಂದದ್ದು. ಇಲ್ಲ ಅಂದದ್ದನ್ನು ಯಾರೂ ಗೋಡೆಗೆ ಬರೆಸುವುದಿಲ್ಲ. ಇವಾನ್ ಇಲಿಚ್ ಅನ್ನೋ ಪಾದ್ರಿಯೂ 1968ರಲ್ಲಿ ಮೆಕ್ಸಿಕೊಗೆ ಸೇವೆಗೆ ಹೊರಟ ಅಮೆರಿಕದ ವಿದ್ಯಾರ್ಥಿಗಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು: ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಅಂತ. ನಾನು ಅಷ್ಟು ದೂರ ಹೋಗುವುದಿಲ್ಲ. ನನ್ನ ಜೊತೆ ಬಂದಿದ್ದ ಒಬ್ಬಳು ಹುಡುಗಿ ಆಮೇಲೆ ನರ್ಸಿಂಗ್ ಓದಿ ನಿರಾಶ್ರಿತರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದಳು, ಅದಕ್ಕೆ ಆ ಎರಡು ವಾರವೇ ಕಾರಣ ಅನ್ನುತ್ತಾಳೆ. ಅವಳಿಗೂ ಆ ಮೋಟರಿನ ವಿಷಯ ಗೊತ್ತಿಲ್ಲ.

ಹಾಗಾಗಿ ಹೋಗಬೇಡ ಅನ್ನುವುದಿಲ್ಲ. ಹೂಂ ಅನ್ನು. ಅಮ್ಮನ ಕೈ ಊಟ ನಾಲ್ಕು ದಿನ ಸಿಕ್ಕರೂ ಸಿಗಲಿ, ಮೊದಲ ವರ್ಷ ಅದರ ಬೆಲೆ ನಿನಗೆ ಡಿಸೆಂಬರ್‌ನಲ್ಲಿ ಗೊತ್ತಾಗುತ್ತದೆ. ಹೊರಡುವ ಮೊದಲು ಕಾಲೇಜು ಕೊಡುವ ಐ-20 ಪತ್ರದ ಮೇಲೆ ಟ್ರಾವೆಲ್ ಸಹಿ ಹಾಕಿಸಿಕೋ, ಒಂದು ವರ್ಷಕ್ಕಿಂತ ಹಳೆಯದು ನಡೆಯುವುದಿಲ್ಲ. ಪಾಸ್‌ಪೋರ್ಟ್, ವೀಸಾದ ತಾರೀಕು ನೋಡಿಕೋ, ವಾಪಸ್ ಒಳಗೆ ಬರಬೇಕಾದವಳು ನೀನು, ಅವರಲ್ಲ.

ಆದರೆ ಹೂಂ ಅನ್ನುವಾಗಲೇ ಕಾಲೇಜಿನವರನ್ನು ಒಂದು ಮಾತು ಕೇಳಿಕೋ. ಅಲ್ಲಿ ಏನು ಕೆಲಸ ಅಂತ ತೀರ್ಮಾನ ಮಾಡುವ ಮೊದಲು ಅಲ್ಲಿನವರಿಗೆ ಫೋನ್ ಮಾಡುವುದು ನನ್ನ ಕೆಲಸ, ಅವರು ಹೇಳಿದ್ದನ್ನು ಇದ್ದ ಹಾಗೇ ಇಂಗ್ಲಿಷಿನಲ್ಲಿ ಬರೆದು ಕೊಡುತ್ತೇನೆ, ಒಪ್ಪಿಗೆಯಾ ಅಂತ. ಒಪ್ಪುತ್ತಾರೆ. ಇಲ್ಲಿನವರಿಗೆ ನೇರವಾಗಿ ಹೇಳಿದರೆ ಬೇಜಾರಾಗುವುದಿಲ್ಲ, ಇದು ನನಗೆ ತಡವಾಗಿ ಗೊತ್ತಾಯಿತು. ಹಾಸ್ಟೆಲಿನ ಸಿಸ್ಟರ್ ಹತ್ತಿರ ಮಾತಾಡು, ಅಷ್ಟಕ್ಕೇ ಇಟ್ಟುಬಿಡಬೇಡ, ಅಡುಗೆಯವರನ್ನೂ ಕರೆಸು, ಅವರ ಹೆಸರು ಕೇಳು. ನಾನು ಅದನ್ನೂ ಕೇಳಿರಲಿಲ್ಲ. ಮಧ್ಯಾಹ್ನ ಮಕ್ಕಳಿಗೆ ಬಡಿಸಿ ಪಾತ್ರೆ ತೊಳೆದ ಮೇಲೆ, ಎರಡೂವರೆ ಹೊತ್ತಿಗೆ ಅವರಿಗೆ ಸ್ವಲ್ಪ ಬಿಡುವು ಇರುತ್ತದೆ. ಚಳಿಗಾಲದಲ್ಲಿ ಒಹಾಯೊದಲ್ಲಿ ಅದು ಬೆಳಗಿನ ಜಾವ ನಾಲ್ಕು ಗಂಟೆ. ಅಲಾರಂ ಇಟ್ಟುಕೊಂಡು ಏಳು.