ಸಕಲೇಶಪುರದಿಂದ ಬಂದ ತಂಗಿಗೆ

ತಂಗಿ, ನಿನ್ನ ಮೆಸೇಜ್ ಎರಡು ಸಲ ಓದಿದೆ. ಸಕಲೇಶಪುರದಿಂದ ಸ್ವೀಡನ್ನಿಗೆ ಗೇಮ್ ಡಿಸೈನ್ ಓದಲು ಬಂದು ಮೂರು ವಾರ ಆಯಿತು ಅಂದೆ. ಮೊದಲ ಕ್ಲಾಸಿನಲ್ಲೇ ನಿನ್ನ ಆಸಕ್ತಿ ಏನು, ಇಲ್ಲಿಯವರೆಗೆ ಏನೇನು ಮಾಡಿದ್ದೀಯ ಅಂತ ಕೇಳಿದರಂತೆ. ಉಳಿದವರೆಲ್ಲ ಚಿಕ್ಕಂದಿನಿಂದ ಪ್ಲೇಸ್ಟೇಷನ್ ಆಡಿ ಬೆಳೆದವರು. "ನನಗೆ ಹೇಳಿಕೊಳ್ಳೋಕೆ ಏನೂ ಇರಲಿಲ್ಲ ಅಕ್ಕಾ, ಇಲ್ಲಿ ಹೇಗೆ ಹೊಂದಿಕೊಳ್ಳಲಿ?" ಅಂತ ಬರೆದಿದ್ದೀಯ.

ನಾನು ಚಿಕ್ಕಮಗಳೂರಿನವಳು. ಇಲ್ಲಿ ಸ್ವೀಡನ್ನಿನ ಮಾಲ್ಮೋ ನಗರಕ್ಕೆ ಬಂದು ಹನ್ನೊಂದು ವರ್ಷ, ಮಾಡುವುದೂ ಇದೇ ಕೆಲಸ. ಓದಲು ಬಂದಾಗ ನನ್ನ ಪೋರ್ಟ್‌ಫೋಲಿಯೋ, ಅಂದರೆ ಮಾಡಿದ ಕೆಲಸ ತೋರಿಸುವ ಕಡತದ ತುಂಬ ಡ್ರ್ಯಾಗನ್ನು, ಹಿಮ ಮುಚ್ಚಿದ ಕೋಟೆ. ಮೇಷ್ಟ್ರೊಬ್ಬರು ನೋಡಿ, "ಈ ಕೋಟೆಯೊಳಗೆ ಕಾಲಿಟ್ಟರೆ ಮೊದಲು ಏನು ಕಾಣುತ್ತದೆ?" ಅಂದರು. ನನ್ನ ಬಾಯಿ ಕಟ್ಟಿಹೋಯಿತು. ಅಂಥ ಕೋಟೆಯನ್ನು ನಾನು ಕಂಡೇ ಇರಲಿಲ್ಲ. ಅವತ್ತು ರಾತ್ರಿ, ಹೈಸ್ಕೂಲಿನಲ್ಲಿ ಟೂರ್ ಹೋಗಿದ್ದ ಮಂಜರಾಬಾದ್ ಕೋಟೆ ನೆನಪಾಯಿತು.

ನಿನಗದು ಊರ ಪಕ್ಕದ ಗುಡ್ಡ. ಟಿಪ್ಪು 1792ರಲ್ಲಿ ಕಟ್ಟಿಸಿದ ಕೋಟೆ, ಎಂಟು ಮೂಲೆಯ ನಕ್ಷತ್ರ. ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಗೋಡೆಯ ಬುಡ ಕಾಯಬಹುದು. ಶತ್ರು ಅಡಗಲು ಜಾಗ ಸಿಗಬಾರದು ಅಂತಲೇ ಆ ಆಕಾರ. ಆದರೆ ಒಳಗೆ ನಡೆಯುವಾಗ ನಕ್ಷತ್ರ ಕಾಣುವುದಿಲ್ಲ, ಅಲ್ವಾ? ಗೋಡೆ ತಿರುಗುತ್ತಲೇ ಇರುತ್ತದೆ. ಮಂಜು ಕವಿದರಂತೂ ಬಾಗಿಲು ಯಾವ ಕಡೆ ಅಂತಲೇ ತಿಳಿಯುವುದಿಲ್ಲ. ಲೆವೆಲ್ ಡಿಸೈನಿನ, ಅಂದರೆ ಆಡುವವರು ಓಡಾಡುವ ಜಾಗ ರೂಪಿಸುವ ಕೆಲಸದ ಕಷ್ಟ ಪೂರ್ತಿ ಇಲ್ಲೇ ಇದೆ. ಮಾಡುವವಳು ಮೇಲಿನಿಂದ ನೋಡುತ್ತಾಳೆ, ಆಡುವವರು ಒಳಗಿರುತ್ತಾರೆ. ನೀನು ಅದರೊಳಗೆ ಓಡಾಡಿ ಬೆಳೆದವಳು. ಕ್ಲಾಸಿನಲ್ಲಿ ಇದನ್ನು ಹೇಳು.

ಚೌಕಾಬಾರ ಆಡಿರುತ್ತೀಯ. ಅಜ್ಜಿ ಸೀಮೆಸುಣ್ಣದಲ್ಲಿ ಬರೆದ ಐದೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎಲ್ಲ ಕವಡೆ ಬಾಯಿ ಮೇಲೆ ಮಾಡಿ ಬಿದ್ದರೆ ನಾಲ್ಕು, ಎಲ್ಲ ಬೋರಲು ಬಿದ್ದರೆ ಎಂಟು. ಎದುರಿನವರ ಒಂದು ಕಾಯಾದರೂ ಕಡಿಯದೆ ಒಳಗಿನ ಸುತ್ತಿಗೆ ಹೋಗುವಂತಿಲ್ಲ. ಈ ಒಂದು ನಿಯಮ ತೆಗೆದು ಆಡಿ ನೋಡು. ಎಲ್ಲರೂ ಕಾಯಿ ಕಡಿಯಲಾಗದ ಮನೆಗಳಾದ ಕಟ್ಟೆಯಿಂದ ಕಟ್ಟೆಗೆ ಸದ್ದಿಲ್ಲದೆ ಓಡಿ, ನಡುಮನೆ ಸೇರಿ ಹಣ್ಣಾಗಿಬಿಡುತ್ತಾರೆ. ಜಗಳವೂ ಇಲ್ಲ, ಆಟವೂ ಇಲ್ಲ. ಆ ನಿಯಮ ಇರುವುದರಿಂದಲೇ ಹೆದರುಪುಕ್ಕಲರೂ ಕಟ್ಟೆ ಬಿಟ್ಟು ಹೊರಗೆ ಬರಬೇಕು. ಹುಲಿ-ಕುರಿ ಆಟದಲ್ಲಿ ಮೂರು ಹುಲಿ, ಹದಿನೈದು ಕುರಿ. ಎರಡು ಕಡೆಯವರ ಬಲವೂ ಬೇರೆ, ಗೆಲ್ಲುವ ದಾರಿಯೂ ಬೇರೆ. ಇಲ್ಲಿ ಅದನ್ನೇ ಒಂದು ಪಾಠವಾಗಿ ಕಲಿಸುತ್ತಾರೆ.

ಒಂದು ಮಾತು ಮಾತ್ರ ನೆನಪಿಡು. ಹಳೇಬೀಡಿನ ಕಂಬವನ್ನು ಸುಮ್ನೆ ಹಿಂದೆ ನಿಲ್ಲಿಸಿ ನಮ್ಮೂರಿನ ಗೇಮ್ ಅನ್ನಬೇಡ. ಅದು ಬರೀ ಅಲಂಕಾರ. ನಮ್ಮೂರು ಆಟದ ನಿಯಮದೊಳಗೆ ಬರಲಿ. ಮೊದಲು ಪೇಪರಿನ ಮೇಲೆ ಮಾಡು, ಕ್ಲಾಸಿನ ನಾಲ್ಕು ಜನರ ಕೈಲಿ ಆಡಿಸು, ನೀನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು ಅವರು ಎಲ್ಲಿ ತಡವರಿಸುತ್ತಾರೆ ಅಂತ ಬರೆದುಕೋ.

ಇನ್ನು ಹೊಂದಿಕೊಳ್ಳುವ ವಿಷಯ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲಾಗುತ್ತದೆ. ಮಲೆನಾಡಿನ ಮಳೆಗಾಲ ಕಂಡವರಿಗೂ ಅದು ಭಾರವೇ. ಬೆಳಕಿರುವಾಗ ದಿನಾ ಹೊರಗೆ ನಡೆ. ಟೀಮಿನಲ್ಲಿ ಒಪ್ಪಿಗೆ ಇಲ್ಲದಿದ್ದರೆ ಬಾಯಿಬಿಟ್ಟು ಹೇಳು. ಮರ್ಯಾದೆಗೆ ಸುಮ್ಮನಿದ್ದರೆ ಇಲ್ಲಿ ಅದನ್ನು ಒಪ್ಪಿಗೆ ಅಂದುಕೊಳ್ಳುತ್ತಾರೆ. ನಾನು ಮೊದಲ ವರ್ಷ ಪೂರ್ತಿ ಹಾಗೆ ಕಳೆದುಕೊಂಡೆ. ವರ್ಷದ ಶುರುವಿನಲ್ಲಿ ಗ್ಲೋಬಲ್ ಗೇಮ್ ಜಾಮ್ ಇರುತ್ತದೆ, ಜಗತ್ತಿನ ಹಲವು ಕಡೆ ಜನ ಒಟ್ಟಿಗೆ ಕೂತು ಆಟ ಮಾಡುವ ಮೇಳ, 2009ರಿಂದ ನಡೆಯುತ್ತಿದೆ. ತಪ್ಪಿಸಬೇಡ. ಕೆಲವೇ ದಿನದಲ್ಲಿ ಒಂದು ಪುಟ್ಟ ಆಟ ಮುಗಿಸಿದರೆ ಗೆಳೆಯರೂ ಸಿಗುತ್ತಾರೆ.

ಯಾವುದಾದರೂ ಶನಿವಾರ ಮಾಲ್ಮೋಗೆ ಬಾ. ನಮ್ಮಜ್ಜಿಯ ಕವಡೆ ನನ್ನ ಹತ್ತಿರ ಇವೆ. ಊರಿನ ಕಾಫಿಪುಡಿಯೂ ಇದೆ.