‘ನ್ಯೂ ಚಮ್’ ಅಂದರೆ ಬೈದ ಹಾಗಾ?

ಸಿಡ್ನಿಗೆ ಬಂದ ಹೊಸದರಲ್ಲೇ ಆಫೀಸಿನ ಹಿರಿಯರೊಬ್ಬರು ನಿಮ್ಮನ್ನು ‘ನ್ಯೂ ಚಮ್’ ಅಂದರಂತೆ. ಅದು ಕೈದಿಗಳ ಮಾತು ಅಂತ ಯಾರೋ ಹೇಳಿದರು, ಬೇಸರ ಮಾಡಿಕೊಳ್ಳಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಊರಿಗೆ ಹೊಸಬರು ಅಂದ ಹಾಗೆ, ಅಷ್ಟೆ. ಆದರೆ ಮೂಲದಲ್ಲಿ ಅದು ಕೈದಿಗಳ ಮಾತು ಅನ್ನೋದು ನಿಜ.

1788ರಿಂದ 1868ರವರೆಗೆ ಬ್ರಿಟನ್ 1,60,000ಕ್ಕೂ ಹೆಚ್ಚು ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿತು. ಅವರಲ್ಲಿ ಒಬ್ಬನಾದ ಜೇಮ್ಸ್ ಹಾರ್ಡಿ ವಾಕ್ಸ್ 1812ರಲ್ಲಿ ಕಳ್ಳರ ಗುಪ್ತಭಾಷೆಯ ಪದಕೋಶ ಬರೆದ. ಅದರಲ್ಲಿ ಚಮ್ ಅಂದರೆ ಜೊತೆಯ ಕೈದಿ. ಸೆರೆಗೆ ಬಿದ್ದು ಸ್ವಲ್ಪ ದಿನವಾದವನು ನ್ಯೂ ಚಮ್, ಬಹಳ ದಿನವಾದವನು ಓಲ್ಡ್ ಚಮ್. ಆಮೇಲೆ ತಾವಾಗಿಯೇ ವಲಸೆ ಬಂದವರಿಗೂ ಆ ಹೆಸರು ಅಂಟಿಕೊಂಡಿತು.

‘ಓಲ್ಡ್ ಹ್ಯಾಂಡ್’ ಈಗ ನಮ್ಮ ‘ಪಳಗಿದ ಕೈ’ ಇದ್ದ ಹಾಗೆ, ಧಾರಾಳವಾಗಿ ಬಳಸಿ. ಆಗ ಮಾತ್ರ ಶಿಕ್ಷೆ ಅನುಭವಿಸಿದ ಹಳೆಯ ಕೈದಿ ಎಂಬ ಅರ್ಥವೂ ಇತ್ತು. ‘ಲ್ಯಾಗ್’ ಬೇಡವೇ ಬೇಡ. ಅಂದು ಗಡೀಪಾರಾದ ಕೈದಿ ಲ್ಯಾಗ್. ಇಂದಿಗೂ ‘ಓಲ್ಡ್ ಲ್ಯಾಗ್’ ಅಂದರೆ ಮತ್ತೆ ಮತ್ತೆ ಜೈಲು ಕಂಡವನು.

ಹಳೆಯ ದಾಖಲೆ ಓದುವಾಗ ನಮ್ಮವರು ಎಡವುವುದು ‘ಗವರ್ನಮೆಂಟ್ ಮ್ಯಾನ್’ ಹತ್ತಿರ. ಸರ್ಕಾರಿ ನೌಕರ ಅಲ್ಲ, ಕೈದಿ! ಮುಖಕ್ಕೆ ಹೊಡೆದಂತೆ ಕೈದಿ ಅನ್ನಬಾರದೆಂದು ಹುಟ್ಟಿದ ಮರ್ಯಾದೆಯ ಮಾತು ಅದು. ‘ಟಿಕೆಟ್ ಆಫ್ ಲೀವ್’ ಕೂಡ ರಜೆ ಚೀಟಿಯಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಸಾಮಾನ್ಯವಾಗಿ 7 ವರ್ಷದ ಶಿಕ್ಷೆಯವನಿಗೆ 4 ವರ್ಷ, ಜೀವಾವಧಿಯವನಿಗೆ 8 ವರ್ಷ ಕಳೆದ ಮೇಲೆ ಸಿಗುತ್ತಿತ್ತು. ಸಿಕ್ಕವನು ತನ್ನ ಕೂಲಿಗೆ ತಾನೇ ದುಡಿಯಬಹುದು, ಆದರೆ ಗೊತ್ತುಪಡಿಸಿದ ಜಿಲ್ಲೆಯೊಳಗೇ ಇರಬೇಕು. ತಪ್ಪು ನಡೆದರೆ ಚೀಟಿ ರದ್ದು.

ಇಲ್ಲೇ ಹುಟ್ಟಿದ ಬಿಳಿಯರ ಮಕ್ಕಳು ‘ಕರೆನ್ಸಿ’, ಬ್ರಿಟನ್ನಿನಲ್ಲಿ ಹುಟ್ಟಿದವರು ‘ಸ್ಟರ್ಲಿಂಗ್’. ವಸಾಹತಿನ ನಾಣ್ಯಕ್ಕೆ ಬ್ರಿಟಿಷ್ ಹಣಕ್ಕಿಂತ ಬೆಲೆ ಕಡಿಮೆ. ಹೋಲಿಕೆಯ ಚುಚ್ಚು ಇರುವುದು ಅಲ್ಲಿ. ಕೈದಿ ರಕ್ತವಿಲ್ಲವೆಂದು ಬೀಗುವ ಮನೆತನಗಳಿಗೆ ‘ಪ್ಯೂರ್ ಮೆರಿನೊ’ ಎಂದು ಕುರಿಯ ತಳಿಯ ಹೆಸರನ್ನೇ ಇಟ್ಟಿದ್ದರು.

ಇಂಗ್ಲಿಷರನ್ನು ಕರೆಯುವ ‘ಪಾಮ್’ ಕೈದಿಗಳ ಸಮವಸ್ತ್ರದ ಅಕ್ಷರಗಳಿಂದ ಬಂತು ಅನ್ನುವ ಕಥೆ ನಂಬಬೇಡಿ. ಆ ಪದ ಕಾಣಿಸಿಕೊಂಡದ್ದೇ 20ನೇ ಶತಮಾನದಲ್ಲಿ, ಕೈದಿಗಳ ಹಡಗುಗಳು ನಿಂತು ಎಷ್ಟೋ ವರ್ಷಗಳಾದ ಮೇಲೆ.

ಕೈದಿ ಪೂರ್ವಜರಿದ್ದರೆ ಹಿಂದೆ ಮುಚ್ಚಿಡುತ್ತಿದ್ದರು, ಈಗ ಹಲವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೂ ಆ ಮಾತು ಅವರೇ ಎತ್ತಲಿ. ಅಡಿಲೇಡ್ ಕಡೆಯವರ ಹತ್ತಿರವಂತೂ ‘ನಿಮ್ಮ ಹಿರಿಯರೂ ಕೈದಿಗಳಾ’ ಅನ್ನಬೇಡಿ. 1836ರಲ್ಲಿ ಶುರುವಾದ ದಕ್ಷಿಣ ಆಸ್ಟ್ರೇಲಿಯಾ ಬ್ರಿಟನ್ನಿನಿಂದ ಕೈದಿಗಳನ್ನು ತರಿಸದೆ ಕಟ್ಟಿದ ವಸಾಹತು.