ಕೀಮೋ ನಡೆಯುವಾಗ ಗಿಡಮೂಲಿಕೆ ಪುಡಿ ಕೊಡಬಹುದಾ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಈಗ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿಯ ಡ್ರಿಪ್ ಹಾಕುತ್ತಿದ್ದಾರೆ. ಪರಿಚಯದವರೊಬ್ಬರು ಗಿಡಮೂಲಿಕೆ ಪುಡಿ, ಅರಿಶಿನದ ಕ್ಯಾಪ್ಸೂಲ್ ಕೊಟ್ಟು ‘ಏನೂ ಆಗಲ್ಲ’ ಅಂದರು. ಅಮ್ಮ ಎರಡು ವಾರದಿಂದ ತೆಗೆದುಕೊಳ್ಳುತ್ತಿದ್ದಾರೆ. ಡಾಕ್ಟರಿಗೆ ಹೇಳಿದರೆ ಬೈಯುತ್ತಾರೇನೋ ಅಂತ ಭಯ. ಮುಂದುವರಿಸಬಹುದಾ?

ಉತ್ತರ: ಸದ್ಯಕ್ಕೆ ಎರಡನ್ನೂ ನಿಲ್ಲಿಸಿ. ಮುಂದಿನ ಡ್ರಿಪ್ ಹಾಕುವ ಮೊದಲೇ ಡಾಕ್ಟರಿಗೆ ಹೇಳಿ.

ಗಿಡಮೂಲಿಕೆಯಲ್ಲಿ ಶಕ್ತಿಯಿಲ್ಲ ಅಂತ ಈ ಮಾತು ಹೇಳುತ್ತಿಲ್ಲ. ಅಮ್ಮನಿಗೆ ಹಾಕುತ್ತಿರುವ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದೇ ಯೂ ಎಂಬ ಮರದ ತೊಗಟೆಯಲ್ಲಿ. ರಕ್ತದ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಬಂದದ್ದು ನಿತ್ಯಪುಷ್ಪದ ಗಿಡದಿಂದ. ಅಷ್ಟು ಶಕ್ತಿ ಇರುವುದಕ್ಕೇ ಅವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ನಿಮ್ಮ ಕೈಗೆ ಬಂದ ಪುಡಿಯಲ್ಲಿ ಏನಿದೆ, ಎಷ್ಟಿದೆ ಅಂತ ಕೊಟ್ಟವರಿಗಾದರೂ ಗೊತ್ತಿದೆಯಾ?

ತೊಂದರೆ ಆಗುವುದು ಲಿವರ್‌ನಲ್ಲಿ. ಪ್ಯಾಕ್ಲಿಟ್ಯಾಕ್ಸೆಲನ್ನು ಒಡೆದು ಹೊರಹಾಕುವ ಕಿಣ್ವಗಳು ಅಲ್ಲಿವೆ. ಕೆಲವು ಮೂಲಿಕೆಗಳು ಇಂಥ ಕಿಣ್ವಗಳನ್ನು ಚುರುಕು ಮಾಡುತ್ತವೆ, ಆಗ ಔಷಧಿ ಬೇಗ ಖಾಲಿಯಾಗುತ್ತದೆ. ಇನ್ನು ಕೆಲವು ತಡೆಯುತ್ತವೆ, ಆಗ ಔಷಧಿ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿದು ಅಡ್ಡಪರಿಣಾಮ ಹೆಚ್ಚುತ್ತದೆ. ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಇರಿನೋಟೆಕಾನ್ ಎಂಬ ಕೀಮೋ ಔಷಧಿಯ ಜೊತೆ ಕೊಟ್ಟು ನೋಡಿದ್ದಾರೆ. ಕ್ಯಾನ್ಸರನ್ನು ಕೊಲ್ಲುವ ಅಂಶ ರಕ್ತದಲ್ಲಿ ಶೇ 42ರಷ್ಟು ಇಳಿದಿತ್ತು. 2002ರಲ್ಲಿ ಪ್ರಕಟವಾದ ಅಧ್ಯಯನ ಅದು. ಹೀಗೆ ಇಳಿದರೆ ರೋಗಿಗೆ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಅದೇ.

ಅಡುಗೆಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಡಿ. ಕ್ಯಾಪ್ಸೂಲ್ ಬೇರೆ. ಅದರಲ್ಲಿ ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ಸಾಂದ್ರವಾಗಿ ಇರುತ್ತದೆ. ಅದು ರಕ್ತಕ್ಕೆ ಜಾಸ್ತಿ ಸೇರಲಿ ಅಂತ ಎಷ್ಟೋ ಸಲ ಕಾಳುಮೆಣಸಿನ ಪೈಪರಿನ್ ಕೂಡ ಬೆರೆಸುತ್ತಾರೆ. ಇಂಥ ಕ್ಯಾಪ್ಸೂಲ್‌ಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳಿವೆ.

ಮುಚ್ಚಿಟ್ಟರೆ ಇನ್ನೊಂದು ಅನಾಹುತ. ಕೀಮೋ ನಡುವೆ ರಕ್ತ ಪರೀಕ್ಷೆ ಮಾಡಿಸುತ್ತಾರೆ ಅಲ್ವಾ? ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಎಂಬ ಕಿಣ್ವ ಪುಡಿಯಿಂದಲೇ ಏರಿದ್ದರೂ ಡಾಕ್ಟರು ಅದು ಕೀಮೋದಿಂದ ಅಂತಲೇ ತಿಳಿಯುತ್ತಾರೆ. ಡೋಸ್ ಇಳಿಸುತ್ತಾರೆ, ಇಲ್ಲವೇ ಡ್ರಿಪ್ ಮುಂದೂಡುತ್ತಾರೆ. ಅಮ್ಮನಿಗೆ ಸಿಗಬೇಕಾದ ಚಿಕಿತ್ಸೆ ಸುಮ್ನೆ ಕೈತಪ್ಪುತ್ತದೆ.

ಡಬ್ಬಿ, ಪೊಟ್ಟಣ ಎಲ್ಲವನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಯಾವತ್ತಿನಿಂದ, ದಿನಕ್ಕೆ ಎಷ್ಟು ಚಮಚ ಅಂತ ಚೀಟಿಯಲ್ಲಿ ಬರೆದಿಡಿ. ಬೈದರೆ ಬೈಯಲಿ, ವಿಷಯ ಅವರ ಕಿವಿಗೆ ಬೀಳಬೇಕು. ಚಿಕಿತ್ಸೆ ಮುಗಿದ ಮೇಲೆ ಯಾವುದನ್ನು ತೆಗೆದುಕೊಳ್ಳಬಹುದು ಅಂತಲೂ ಕೇಳಿ, ಅದು ನ್ಯಾಯವಾದ ಪ್ರಶ್ನೆಯೇ. ಅಷ್ಟರಲ್ಲಿ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.